ಬಸ್ರಾ ಕತ್ತಿಯ ಹಿಡಿಯಲ್ಲಿ ತೂತು ಕಾಸು: ಮನೆಯಲ್ಲಿರುವ ಹಳೇ ಬಯೋನೆಟ್ ಗುರುತಿಸುವುದು ಹೇಗೆ

ಮೂಡಿಗೆರೆ ಹತ್ತಿರ ಇರುವ ನಮ್ಮ ದೊಡ್ಡಪ್ಪನ ಮನೆಯಲ್ಲಿ ಆಯುಧಪೂಜೆಯ ದಿನ ಜಗಲಿಯ ಮೇಲೆ ಎಲ್ಲವನ್ನೂ ಸಾಲಾಗಿ ಇಡುತ್ತಾರೆ. ಗುದ್ದಲಿ, ಹಾರೆ, ಮರಗಸಿ ಮಾಡುವ ಕತ್ತಿಗಳು, ಔಷಧಿ ಹೊಡೆಯುವ ಪಂಪು, ವೀಡ್ ಕಟರ್. ಸಾಲಿನ ಕೊನೆಗೆ ಅಟ್ಟದಿಂದ ಇಳಿಸಿದ ಒಂದು ಬಯೋನೆಟ್, ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ. ಮನೆಯವರೆಲ್ಲ ಅದನ್ನು 'ಬಸ್ರಾ ಕತ್ತಿ' ಅನ್ನುತ್ತಾರೆ. ಮೊದಲನೇ ಮಹಾಯುದ್ಧಕ್ಕೆ ಹೋಗಿದ್ದ ಮುತ್ತಜ್ಜ ಅದನ್ನು ಇರಾಕಿನ ಬಸ್ರಾದಿಂದ ತಂದರು ಅನ್ನೋದು ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡು ಬಂದ ಮಾತು.

ಅದರ ಹಿಡಿ ನೋಡಿದವರು ಒಂದು ಕ್ಷಣ ನಿಂತೇ ನಿಲ್ಲುತ್ತಾರೆ. ಕಪ್ಪು ಗೆರೆ ಓಡಿರುವ ದಪ್ಪ ಬೀಟೆ ಮರ, ಎರಡು ಹೋಳು. ಒಂದೊಂದು ಹೋಳಿನ ಮೇಲೂ ಎರಡೆರಡು ದುಂಡನೆ ಬಿಲ್ಲೆ ಮರದ ಮಟ್ಟಕ್ಕೆ ಇಳಿದು ಕೂತಿವೆ, ಬಿಲ್ಲೆಯ ನಡುವೆ ಬಡಿದು ಅಗಲ ಮಾಡಿದ ಹಿತ್ತಾಳೆ ಮೊಳೆಯ ತಲೆ. ಮನೆಗೆ ಬಂದ ನೆಂಟರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಟಿಪ್ಪು ಕಾಲದ್ದು ಅಂತ ಒಬ್ಬರು. ಬಸ್ರಾದಿಂದ ಬಂದಿದ್ದು ಅಂದ ಮೇಲೆ ಅಲ್ಲಿ ಎದುರಾಳಿಯಾಗಿದ್ದ ತುರ್ಕಿಯವರದ್ದೇ ಇರಬೇಕು ಅಂತ ಇನ್ನೊಬ್ಬರು. ಭಾವ ಒಬ್ಬರು ಇದು ಜಪಾನಿನದ್ದು ಅಂತ ಫೋನಿನಲ್ಲಿ ಚಿತ್ರ ತೆಗೆದು ತೋರಿಸಿದರು. ಮೂವರೂ ಹಿಡಿಯಿಂದಲೇ ಶುರು ಮಾಡಿದ್ದರು, ದಾರಿ ತಪ್ಪಿದ್ದು ಅಲ್ಲೇ.

ಯಾಕೆ ಅಂದರೆ, ಬಯೋನೆಟ್ಟಿನಲ್ಲಿ ಬದಲಾಯಿಸೋಕೆ ಅತಿ ಸುಲಭವಾದ ಭಾಗವೇ ಹಿಡಿಯ ಮರ. ಎರಡು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಮಳೆಗೆ ಕೊಳೆಯುತ್ತದೆ, ಗೆದ್ದಲು ತಿನ್ನುತ್ತದೆ, ಕೆಳಗೆ ಬಿದ್ದರೆ ಸೀಳುತ್ತದೆ. ಊರಿನ ಆಚಾರಿ ಅರ್ಧ ದಿನದಲ್ಲಿ ಹೊಸದು ಕೂರಿಸಿ ಕೊಡುತ್ತಾರೆ. ಉಕ್ಕಿನ ಮೇಲೆ ಒತ್ತಿದ ಅಚ್ಚು ಹಾಗಲ್ಲ, ಅದು ಉಜ್ಜಿ ಸವೆಯಬಹುದು, ಬೇರೆ ಆಗೋದಿಲ್ಲ. ಆದ್ದರಿಂದ ಮೊದಲು ಉಕ್ಕು ಓದಬೇಕು, ಹಿಡಿಗೆ ಆಮೇಲೆ ಬರಬೇಕು. ಹಿಡಿ ಮುಖ್ಯ ಅಲ್ಲ ಅಂತ ನಾನು ಹೇಳ್ತಾ ಇಲ್ಲ. ಮನೆಯವರಿಗೆ ಅದೇ ಜಾಸ್ತಿ ಮುಖ್ಯ ಅಂತ ನನ್ನ ಅಭಿಪ್ರಾಯ. ಆದರೆ ಉಕ್ಕು ಹೇಳೋದು ಸೈನ್ಯದ ಕತೆ, ಹಿಡಿ ಹೇಳೋದು ಮನೆಯ ಕತೆ. ಎರಡನ್ನೂ ಕಲಸಿದರೆ ಎರಡೂ ಸಿಗೋದಿಲ್ಲ.

ಮೊದಲನೇ ಪ್ರಶ್ನೆ, ಅದು ನಿಜವಾಗಿ ಬಯೋನೆಟ್ಟೇನಾ? ಕತ್ತಿ, ಬಾಕು, ಚೂರಿ ಎಲ್ಲವನ್ನೂ ಜನ ಬಯೋನೆಟ್ ಅನ್ನುತ್ತಾರೆ. ಬಯೋನೆಟ್ ಅಂದರೆ ಬಂದೂಕಿನ ತುದಿಗೆ ಸಿಕ್ಕಿಸುವಂಥದ್ದು. ಹಾಗೆ ಸಿಕ್ಕಿಸೋಕೆ ಏನಾದರೂ ವ್ಯವಸ್ಥೆ ಇರಲೇಬೇಕು ಅಲ್ವಾ? ಅಲಗು ಮತ್ತು ಹಿಡಿ ಸೇರುವ ಕಡೆ ಇರುವ ಅಡ್ಡಪಟ್ಟಿಯಲ್ಲಿ ಒಂದು ಉಂಗುರ ಇದೆಯಾ ನೋಡಿ. ಹಿಡಿಯ ಹಿಂಭಾಗದ ಉಕ್ಕಿನ ತಲೆಯಲ್ಲಿ ಉದ್ದಕ್ಕೆ ಸೀಳಿನಂಥ ಒಂದು ತಗ್ಗು ಕೊರೆದಿದೆಯಾ ನೋಡಿ. ಆ ತಲೆಯ ಪಕ್ಕದಲ್ಲಿ ಒತ್ತಿದರೆ ಒಳಗೆ ಹೋಗುವ, ಸ್ಪ್ರಿಂಗ್ ಇರುವ ಒಂದು ಗುಂಡಿ ಇದೆಯಾ ನೋಡಿ. ಈ ಮೂರೂ ಇದ್ದರೆ ಬಯೋನೆಟ್ ಅನ್ನಬಹುದು. ನಮ್ಮ ಮನೆಯದರಲ್ಲಿ ಮೂರೂ ಇತ್ತು. ಗುಂಡಿ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು, ಎರಡು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಟ್ಟು ರಾತ್ರಿಯಿಡೀ ಇಟ್ಟ ಮೇಲೆ ಟಿಕ್ ಅಂತ ಒಳಗೆ ಹೋಯಿತು.

ಹಿಡಿಯೇ ಇಲ್ಲದ ಬಯೋನೆಟ್ಟೂ ಇವೆ. ಬಂದೂಕಿನ ನಳಿಗೆಯ ಸುತ್ತ ತೂರಿಸುವ ಒಂದು ಕೊಳವೆ, ಕೊಳವೆಯಿಂದ ಮೊಣಕೈಯಂತೆ ಬಾಗಿ ಹೊರಟ ಮೂರು ಮೂಲೆಯ ಉದ್ದ ಮೊನೆ. 18ನೇ ಶತಮಾನದ ಸಿಪಾಯಿಗಳ ಬಂದೂಕಿಗೆ ಇದ್ದದ್ದು ಅಂಥದ್ದು. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಆದ್ದರಿಂದ ಉಂಗುರ, ಸ್ಪ್ರಿಂಗ್ ಗುಂಡಿ, ಮರದ ಹಿಡಿ ಇರುವ ಚೂರಿಯಂಥ ಬಯೋನೆಟ್ಟನ್ನು ಟಿಪ್ಪು ಕಾಲದ್ದು ಅನ್ನೋಕೆ ಬರೋದಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ನಂಬರ್ 4 ರೈಫಲ್ಲಿಗೆ ಮಾಡಿದ್ದೂ ಹಿಡಿ ಇಲ್ಲದ್ದೇ, 8 ಅಂಗುಲದ ಬರೀ ಮೊಳೆಯಂಥದ್ದು. ಅದನ್ನು ನೋಡಿ ಹಿಡಿ ಕಳೆದುಹೋಗಿದೆ ಅಂತ ಸುಮ್ನೆ ಬೇಸರ ಮಾಡಿಕೊಳ್ಳಬೇಡಿ.

ಇನ್ನು ಅಚ್ಚು ಓದುವ ಕೆಲಸ. ಅಲಗಿನ ಬುಡದಲ್ಲಿ, ಅಡ್ಡಪಟ್ಟಿಗೆ ತಾಗಿದ ಹಾಗೆ, ಹರಿತ ಮಾಡದೆ ಚಪ್ಪಟೆ ಬಿಟ್ಟ ಒಂದಿಷ್ಟು ಜಾಗ ಇರುತ್ತದೆ. ಎರಡೂ ಬದಿಯಲ್ಲಿ. ಬಯೋನೆಟ್ಟಿನ ಜಾತಕ ಇರೋದು ಅಲ್ಲೇ. ನಮ್ಮ ಕಡೆ ಆಗುವ ತೊಂದರೆ ಏನು ಅಂದರೆ, ಪ್ರತಿ ವರ್ಷ ಪೂಜೆಗೆ ಮುಂಚೆ ಹುಣಸೆಹಣ್ಣು ಹಾಕಿ, ಬೂದಿ ಹಾಕಿ, ತೆಂಗಿನ ನಾರಿನಲ್ಲಿ ಬೆಳ್ಳಗಾಗುವ ತನಕ ತಿಕ್ಕುತ್ತೇವೆ. ಹಿತ್ತಾಳೆ ಚೊಂಬಿಗೆ ಅದು ಸರಿ. ಉಕ್ಕಿಗೆ ಹುಣಸೆಯ ಹುಳಿ ಒಳ್ಳೆಯದಲ್ಲ, ಬೂದಿಯ ತರಿ ಅಕ್ಷರದ ಅಂಚನ್ನೇ ತಿನ್ನುತ್ತದೆ. ದೊಡ್ಡಮ್ಮ ಐವತ್ತು ವರ್ಷ ಹೀಗೆ ಭಕ್ತಿಯಿಂದ ತಿಕ್ಕಿದ್ದಾರೆ, ಒಂದು ಬದಿಯ ಅಚ್ಚು ಅರ್ಧ ಹೋಗಿದೆ.

ಆದರೆ ಅದೇ ಪೂಜೆಯಿಂದ ಒಂದು ಉಪಕಾರವೂ ಆಗಿತ್ತು. ವರ್ಷ ವರ್ಷ ಹಚ್ಚಿದ ಕುಂಕುಮ ಎಣ್ಣೆಯ ಜತೆ ಸೇರಿ ಅಚ್ಚಿನ ತಗ್ಗಿನಲ್ಲಿ ಗಟ್ಟಿಯಾಗಿ ಕೂತಿತ್ತು. ಮೇಲಿನದನ್ನು ಹತ್ತಿಯಲ್ಲಿ ಮೆತ್ತಗೆ ಒರೆಸಿದೆ. ಸವೆದ ಉಕ್ಕಿನ ಮೇಲೆ ಕೆಂಪು ಗೆರೆಗಳು ಉಳಿದವು. ಮೊದಲು ಒಂದು ಕಿರೀಟ. ಅದರ ಕೆಳಗೆ ಜಿ, ಆರ್ ಅಂತ ಎರಡು ಇಂಗ್ಲಿಷ್ ಅಕ್ಷರ. ಅದರ ಕೆಳಗೆ 1907. ಇನ್ನೂ ಕೆಳಗೆ ಚಿಕ್ಕದಾಗಿ 9, ಪಕ್ಕದಲ್ಲಿ 17. ಕೊನೆಗೆ ಸ್ಯಾಂಡರ್ಸನ್ ಅನ್ನೋ ಹೆಸರಿನ ಮುಕ್ಕಾಲು ಭಾಗ. ಜಗಲಿಯ ಬೆಳಕಿನಲ್ಲಿ ನಾನು, ದೊಡ್ಡಪ್ಪ ತಲೆಗೆ ತಲೆ ತಾಗಿಸಿಕೊಂಡು ಅದನ್ನು ಓದಿದ್ದು ನನಗೆ ಯಾವತ್ತೂ ಮರೆಯೋದಿಲ್ಲ.

ನಿಮ್ಮಲ್ಲಿ ಕುಂಕುಮ ಇಲ್ಲದಿದ್ದರೆ ಟಾರ್ಚು ಸಾಕು. ಮೇಲಿನಿಂದ ಬಿಡಬೇಡಿ, ಅಲಗಿನ ಮಟ್ಟಕ್ಕೆ ಓರೆಯಾಗಿ ಹಿಡಿಯಿರಿ. ಎದುರಿಗೆ ಕಾಣದ ಅಕ್ಷರ ಓರೆ ಬೆಳಕಿಗೆ ನೆರಳು ಬಿದ್ದು ಏಳುತ್ತದೆ. ಸೀಮೆಸುಣ್ಣದ ಪುಡಿ ಬೆರಳಲ್ಲಿ ತೀಡಿದರೂ ಆಗುತ್ತದೆ. ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿದರೆ, ನಾವು ಶಾಲೆಯಲ್ಲಿ ಕಾಸಿನ ಅಚ್ಚು ತೆಗೀತಿದ್ದೆವಲ್ಲ ಹಾಗೆ, ಕಣ್ಣಿಗೆ ಕಾಣದ್ದೂ ಕಾಗದಕ್ಕೆ ಬರುತ್ತದೆ. ಜಿಡ್ಡು ಜಾಸ್ತಿ ಇದ್ದರೆ ಸ್ವಲ್ಪ ಸೀಮೆಎಣ್ಣೆ ಮತ್ತು ಹಳೇ ಹಲ್ಲುಜ್ಜುವ ಬ್ರಷ್ಷು. ಸ್ಯಾಂಡ್ ಪೇಪರ್ ಮಾತ್ರ ಮುಟ್ಟಲೇಬೇಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. 1907 ಅಂತ ಇದ್ದರೆ ಅದು ಆ ವರ್ಷ ತಯಾರಾದದ್ದು ಅಂತ ತಿಳಿಯುತ್ತಾರೆ. ಅಲ್ಲ. 1907 ಅನ್ನೋದು ಮಾದರಿಯ ಹೆಸರು. ಬ್ರಿಟಿಷ್ ಸೈನ್ಯ ತನ್ನ ಲೀ ಎನ್‌ಫೀಲ್ಡ್ ಗಿಡ್ಡ ರೈಫಲ್ಲಿಗೆ ಆ ವರ್ಷ ಒಪ್ಪಿದ ಮಾದರಿ ಅದು, ಆಮೇಲೆ ವರ್ಷಗಟ್ಟಲೆ ಮಾಡಿದ ಎಲ್ಲದರ ಮೇಲೂ ಅದೇ ಅಂಕಿ ಬೀಳುತ್ತಿತ್ತು. ತಯಾರಾದ ಕಾಲ ಇರೋದು ಕೆಳಗಿನ ಚಿಕ್ಕ ಅಂಕಿಗಳಲ್ಲಿ, ಮೊದಲು ತಿಂಗಳು, ಆಮೇಲೆ ವರ್ಷ. ಹಾಗಾಗಿ ನಮ್ಮದು 1917ರ ಸೆಪ್ಟೆಂಬರಿನದು. ಸ್ಯಾಂಡರ್ಸನ್ ಇಂಗ್ಲೆಂಡಿನ ಶೆಫೀಲ್ಡಿನ ಕಂಪನಿ. ವಿಲ್ಕಿನ್ಸನ್, ಚಾಪ್ಮನ್, ವಿಕರ್ಸ್, ಮೋಲ್, ಅಮೆರಿಕದ ರೆಮಿಂಗ್ಟನ್ ಇವರೆಲ್ಲ ಇದೇ ಮಾದರಿ ಮಾಡಿದವರು. ಆಸ್ಟ್ರೇಲಿಯಾದ ಲಿತ್ಗೋ ಕಾರ್ಖಾನೆಯಲ್ಲೂ ಆಯಿತು. ನಮ್ಮ ದೇಶದಲ್ಲಿ ಬಂಗಾಳದ ಇಷಾಪುರ ರೈಫಲ್ ಕಾರ್ಖಾನೆಯಲ್ಲಿ ಆದವುಗಳ ಮೇಲೆ ಆರ್.ಎಫ್.ಐ. ಅಂತ ಇರುತ್ತದೆ. ಇಲ್ಲಿ ತಯಾರಾದವುಗಳಲ್ಲಿ ಕಿರೀಟದ ಕೆಳಗೆ ಜಿ.ಆರ್. ಬದಲು ಜಿ.ಆರ್.ಐ. ಅಂತ ಕಂಡರೆ, ಆ ಕೊನೆಯ ಐ ಚಕ್ರವರ್ತಿ ಅನ್ನೋದಕ್ಕೆ. ಜಾರ್ಜ್ ದೊರೆ ಇಂಗ್ಲೆಂಡಿಗೆ ರಾಜ, ಇಂಡಿಯಾಕ್ಕೆ ಚಕ್ರವರ್ತಿ.

ತಿರುಗಿಸಿ ಇನ್ನೊಂದು ಬದಿ ನೋಡಿ. ಅಲ್ಲಿ ಹಕ್ಕಿ ಕಾಲಿನ ಗುರುತಿನಂಥ ಮೂರು ಗೆರೆಯ ಬಾಣ ಇದ್ದರೆ ಅದು ಸರ್ಕಾರದ ಸ್ವತ್ತು ಅನ್ನುವ ಗುರುತು. ಬಾಣದ ಜತೆ ಇಂಗ್ಲಿಷಿನ ಐ ಅಕ್ಷರ ಇದ್ದರೆ ಇಂಡಿಯಾ ಸರ್ಕಾರದ ಸ್ವತ್ತು. ಎಕ್ಸ್ ಆಕಾರದ ಗೀಟು ಅಲಗನ್ನು ಬಗ್ಗಿಸಿ ಪರೀಕ್ಷೆ ಮಾಡಿದ್ದಕ್ಕೆ, ಅಂದರೆ ಬಗ್ಗಿಸಿದರೂ ಮುರಿಯಲಿಲ್ಲ, ಮತ್ತೆ ನೆಟ್ಟಗಾಯಿತು ಅಂತ. ಚಿಕ್ಕ ಕಿರೀಟ, ಅದರ ಕೆಳಗೆ ಅಂಕಿ ಇದ್ದರೆ ಅದು ತಪಾಸಣೆ ಮಾಡಿದವರ ಮುದ್ರೆ. ಎರಡು ಬಾಣ ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ ಸೈನ್ಯವೇ ಅದನ್ನು ಸೇವೆಯಿಂದ ತೆಗೆದು ಮಾರಿದೆ ಅಂತ ಅರ್ಥ, ಇದು ಕಂಡರೆ ಮನೆಗೆ ಹೇಗೆ ಬಂತು ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ. ಇದಲ್ಲದೆ ಒಂಟಿಯಾಗಿ ಎರಡು ಅಂಕಿ ಇದ್ದರೆ ಅದನ್ನು ದಯವಿಟ್ಟು ಬಿಡಬೇಡಿ. ರಿಪೇರಿ ಮಾಡಿ, ಪರೀಕ್ಷೆ ಮಾಡಿ ಮತ್ತೆ ಸೇವೆಗೆ ಕೊಟ್ಟ ವರ್ಷವನ್ನು ಹಾಗೆ ಒತ್ತುತ್ತಿದ್ದರು. ನಮ್ಮದರಲ್ಲಿ ಐ ಜತೆಗಿನ ಬಾಣ ಇತ್ತು, ಎಕ್ಸ್ ಇತ್ತು, ಸವೆದ ಭಾಗದ ಅಂಚಿನಲ್ಲಿ 24 ಅಂತ ಇತ್ತು.

ಆ 24 ನೋಡಿದಾಗ ನನಗೆ ಒಳಗೊಳಗೇ ಸ್ವಲ್ಪ ಕಸಿವಿಸಿ ಆಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆಕಾರದಲ್ಲೂ ಕಾಲ ಗೊತ್ತಾಗುತ್ತದೆ. ಈ ಮಾದರಿಯ ಮೊದಮೊದಲ ಬಯೋನೆಟ್ಟುಗಳಲ್ಲಿ ಅಡ್ಡಪಟ್ಟಿಯ ಕೆಳತುದಿ ಕೊಕ್ಕೆಯಂತೆ ಮುಂದಕ್ಕೆ ಬಾಗಿರುತ್ತಿತ್ತು. 1913ರಲ್ಲಿ ಆ ಕೊಕ್ಕೆ ಬೇಡ ಅಂತ ಬಿಟ್ಟರು. ಇದ್ದವುಗಳಲ್ಲೂ ಎಷ್ಟೋ ಕೊಕ್ಕೆ ರಿಪೇರಿಗೆ ಬಂದಾಗ ಕತ್ತರಿಸಿ ಹೋದವು. 1916ರಿಂದ ಹಿಡಿಯ ಉಕ್ಕಿನ ತಲೆಯಲ್ಲಿ ಅಡ್ಡಕ್ಕೆ ಒಂದು ಸಣ್ಣ ತೂತು ಬಂತು, ಒಳಗೆ ಸೇರಿದ ಮಣ್ಣು ಹೊರಗೆ ಹೋಗಲಿ ಅಂತ. ತೂತು ಇಲ್ಲ ಅಂದರೆ ಅದಕ್ಕಿಂತ ಹಳೆಯದು ಅನ್ನಬಹುದು. ತೂತು ಇದ್ದ ಮಾತ್ರಕ್ಕೆ ಹೊಸದು ಅನ್ನೋ ಹಾಗಿಲ್ಲ, ಹಳೆಯವಕ್ಕೂ ಆಮೇಲೆ ಕೊರೆದಿದ್ದಾರೆ.

ಅಲಗಿನ ಎರಡೂ ಬದಿಗೆ ಉದ್ದಕ್ಕೆ ಇರುವ ತೋಡಿನ ಬಗ್ಗೆಯೂ ಒಂದು ಮಾತು. ರಕ್ತ ಹರಿದು ಹೋಗಲಿ ಅಂತ ಮಾಡಿದ ಕಾಲುವೆ ಅದು ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಚಿಕ್ಕವನಿದ್ದಾಗ ಹಾಗೇ ನಂಬಿದ್ದೆ. ತೋಡು ಇರೋದು ಭಾರ ಇಳಿಸೋಕೆ. ಮಧ್ಯದ ಉಕ್ಕು ಕಡಿಮೆ ಮಾಡಿದರೂ ಅಂಚು ದಪ್ಪ ಉಳಿಯೋದರಿಂದ ಅಲಗು ಬಳುಕೋದಿಲ್ಲ.

ನಮ್ಮ ಬಯೋನೆಟ್ಟಿನಲ್ಲಿ ಆ ತೋಡೇ ದೊಡ್ಡ ವಿಷಯ ಹೇಳಿತು. 1907ರ ಮಾದರಿಯ ಅಲಗು 17 ಅಂಗುಲ ಇರಬೇಕು, ಅಂದರೆ ಸುಮಾರು 43 ಸೆಂಟಿಮೀಟರ್. ಟೇಪು ಹಿಡಿದು ಅಳೆದರೆ ನಮ್ಮದು 12 ಅಂಗುಲ, ಸರಿಯಾಗಿ ಒಂದು ಅಡಿ. ಪೂರ್ತಿ ಉದ್ದದ ಅಲಗಿನಲ್ಲಿ ತೋಡು ಮೊನೆಗಿಂತ ಸಾಕಷ್ಟು ಮೊದಲೇ ನಿಂತುಬಿಡುತ್ತದೆ. ನಮ್ಮದರಲ್ಲಿ ಅದು ಮೊನೆಯ ತನಕ ಓಡಿತ್ತು. ಅಂದರೆ ಯಾರೋ 5 ಅಂಗುಲ ಕತ್ತರಿಸಿ ಹೊಸ ಮೊನೆ ಮಾಡಿದ್ದಾರೆ. ನಮ್ಮೂರ ಕುಲುಮೆಯಲ್ಲಿ ಮಾಡಿದ್ದಾ? ಹಾಗಿದ್ದರೆ ಸುತ್ತಿಗೆಯ ಏಟು, ಬೆಂಕಿ ತಾಗಿದ ಬಣ್ಣ, ಒಂದು ಬದಿಗೆ ವಾಲಿದ ಮೊನೆ ಏನಾದರೂ ಕಾಣಬೇಕಿತ್ತು. ಇದರ ಮೊನೆ ಎರಡೂ ಬದಿಗೆ ಒಂದೇ ಸಮ, ಸಾಣೆ ಕಲ್ಲಿನಲ್ಲಿ ಅಳತೆ ಇಟ್ಟು ಮಾಡಿದ ಹಾಗೆ. ಎರಡನೇ ಮಹಾಯುದ್ಧದ ಹೊತ್ತಿಗೆ ಇಂಡಿಯಾದಲ್ಲಿ ಸೈನ್ಯವೇ ಹಳೇ ಉದ್ದ ಬಯೋನೆಟ್ಟುಗಳನ್ನು ಹೀಗೆ 12 ಅಂಗುಲಕ್ಕೆ ಇಳಿಸುತ್ತಿತ್ತು. ಆಮೇಲೆ ಇಲ್ಲಿ ಹೊಸದಾಗಿ ಮಾಡಿದವಂತೂ ಹುಟ್ಟಿದ್ದೇ ಗಿಡ್ಡ, ತೋಡೇ ಇಲ್ಲದ ಸಾದಾ ಅಲಗು, ಕೊನೆಕೊನೆಗೆ ಹಿಡಿಯ ತಲೆಯೂ ಚೌಕ.

ಭಾವ ಹೇಳಿದ ಜಪಾನಿನ ವಿಷಯವನ್ನೂ ಹಾಗೇ ತಳ್ಳಿಹಾಕೋ ಹಾಗಿರಲಿಲ್ಲ, ಯಾಕೆ ಅಂದರೆ ಎರಡನೇ ಮಹಾಯುದ್ಧದಲ್ಲಿ ಇಂಫಾಲ, ಕೊಹಿಮಾ, ಬರ್ಮಾ ಕಡೆ ಹೋರಾಡಿದವರು ಜಪಾನಿನ ಬಯೋನೆಟ್ ನೆನಪಿಗೆ ತಂದದ್ದು ಉಂಟು. ಅವರ ಟೈಪ್ 30 ಅನ್ನೋ ಮಾದರಿಯ ಅಲಗು ಸುಮಾರು 40 ಸೆಂಟಿಮೀಟರ್, ಅಡ್ಡಪಟ್ಟಿಗೆ ಕೊಕ್ಕೆ, ಅಲಗಿನ ಬುಡದಲ್ಲಿ ಕಾರ್ಖಾನೆಯ ಚಿತ್ರಗುರುತು, ಇಂಗ್ಲಿಷ್ ಅಕ್ಷರದ ಕಿರೀಟ ಗಿರೀಟ ಏನೂ ಇರೋದಿಲ್ಲ. ಯುದ್ಧದ ಕೊನೆಯಲ್ಲಿ ಮಾಡಿದವು ಒರಟು, ಕೊಕ್ಕೆಯೂ ಇಲ್ಲ. ಹಳೇ ತುರ್ಕಿಯದಾದರೆ ಅರಬ್ಬೀ ಲಿಪಿಯ ಅಚ್ಚು ಇರುತ್ತದೆ. ಎರಡೂ ನಮ್ಮದಲ್ಲ.

ಈಗ ಹಿಡಿಗೆ ಬರೋಣ.

ನೋಡೋಕೆ ವಿಚಿತ್ರ ಅನಿಸಿದ ಹಿಡಿಯೆಲ್ಲ ಬದಲಾಯಿಸಿದ್ದೇ ಆಗಿರಬೇಕಿಲ್ಲ. ಕೆಲವು ಕಾರ್ಖಾನೆಯಿಂದಲೇ ಹಾಗೆ ಬಂದಿರುತ್ತವೆ. ನನಗೆ ತುಂಬಾ ಇಷ್ಟವಾದ ಉದಾಹರಣೆ ಅಂದರೆ 1913ರ ಮಾದರಿ. ಅದು 1907ರದ್ದರ ಅವಳಿಯ ಹಾಗೆ ಇದೆ, ಅಲಗೂ ಅದೇ 17 ಅಂಗುಲ. ಆದರೆ ಅದು ಬೇರೆ ರೈಫಲ್ಲಿನದು, ಒಂದರದ್ದು ಇನ್ನೊಂದಕ್ಕೆ ಕೂರೋದಿಲ್ಲ. ಯುದ್ಧದ ಗಡಿಬಿಡಿಯಲ್ಲಿ, ಕತ್ತಲಲ್ಲಿ ಸಿಪಾಯಿ ತಪ್ಪಾಗಿ ತೆಗೆದುಕೊಂಡರೆ? ಅದಕ್ಕೇ ಮರದ ಹಿಡಿಗೆ ಅಡ್ಡಡ್ಡ ಎರಡು ಆಳವಾದ ಗೀರು ಹಾಕಿದರು. ಬೆರಳಿಗೆ ಗೀರು ಸಿಕ್ಕಿದರೆ ಸಾಕು, ಕಣ್ಣು ಬೇಡ. ಅದನ್ನೇ ಅಮೆರಿಕದವರು ಮುಂದೆ 1917ರ ಮಾದರಿ ಅಂತ ತಮ್ಮ ಸೈನ್ಯಕ್ಕೆ ಇಟ್ಟುಕೊಂಡರು, ಗೀರುಗಳೂ ಹಾಗೇ ಉಳಿದವು. ಇಂಥ ಹಿಡಿ ಸಿಕ್ಕಿದವರು ಯಾರೋ ಚಾಕುವಿನಲ್ಲಿ ಕೆತ್ತಿ ಹಾಳು ಮಾಡಿದ್ದಾರೆ ಅಂದುಕೊಂಡು ಮೇಣ ತುಂಬಿಸಿಬಿಡುತ್ತಾರೆ. ದಯವಿಟ್ಟು ಬೇಡ.

ಹೀಗೇ ಇನ್ನೂ ಕೆಲವಿವೆ. ಲಿತ್ಗೋದ 1940ರ ದಶಕದ ಬಯೋನೆಟ್ಟಿನ ಮರದ ಮೇಲೆ ಎಸ್.ಎಲ್.ಎ.ಝಡ್. ಅಂತ ಅಚ್ಚು ಇರುತ್ತದೆ, ಅದು ಟೆನಿಸ್ ರಾಕೆಟ್ ಮಾಡುವ ಸ್ಲಾಜೆಂಜರ್ ಕಂಪನಿ, ಯುದ್ಧಕಾಲದಲ್ಲಿ ಹಿಡಿಯ ಮರ ಮಾಡಿಕೊಟ್ಟದ್ದು. ಚೌಕಳಿ ಗೆರೆ ಒತ್ತಿದ ಕಪ್ಪು ತೊಗಲಿನ ಹಿಡಿ, ಮೆಲ್ಲಗೆ ಬಾಗಿ ಮತ್ತೆ ಎದುರು ಬಾಗುವ ಉದ್ದ ಅಲಗು ಇದ್ದರೆ ಅದು 19ನೇ ಶತಮಾನದ ಎನ್‌ಫೀಲ್ಡ್ ಬಂದೂಕಿನದು. ಪಕ್ಕೆಲುಬಿನ ಹಾಗೆ ಗೆರೆ ಗೆರೆ ಇರುವ ಪೂರ್ತಿ ಹಿತ್ತಾಳೆ ಹಿಡಿ ಇದ್ದು, ಅಲಗಿನ ಬೆನ್ನಿನ ಮೇಲೆ ಕೂಡಕ್ಷರದಲ್ಲಿ ಊರು, ಇಸವಿ ಬರೆದಿದ್ದರೆ ಫ್ರಾನ್ಸಿನ 1866ರ ಮಾದರಿ. ಮರದ ನರವೇ ಕಾಣದ ನುಣುಪು ಹಿಡಿ ಬೇಕಲೈಟ್ ಅನ್ನೋ ಹಳೇ ಥರದ ಪ್ಲಾಸ್ಟಿಕ್ ಇರಬಹುದು. ಜರ್ಮನಿಯವರು ಎರಡನೇ ಯುದ್ಧದ ಹೊತ್ತಿಗೆ ಮರದ ಬದಲು ಅದನ್ನು ಹಾಕಿದರು, ಎ.ಕೆ. ರೈಫಲ್ಲಿನ ಬಯೋನೆಟ್ಟುಗಳಲ್ಲಿ ಕಂದುಗೆಂಪು ಬಣ್ಣದ್ದು ಕಾಣುತ್ತದೆ.

ಬದಲಾಯಿಸಿದ ಹಿಡಿ ಅಂತ ಗೊತ್ತಾಗೋದು ಹೇಗೆ? ಬೆರಳು ಆಡಿಸಿ. ಕಾರ್ಖಾನೆಯ ಹಿಡಿಯಲ್ಲಿ ಮರ ಮತ್ತು ಉಕ್ಕು ಸೇರುವ ಕಡೆ ಎರಡೂ ಒಂದೇ ಮಟ್ಟಕ್ಕೆ ಇರುತ್ತವೆ, ಉಗುರು ಸಿಕ್ಕೋದಿಲ್ಲ. ಊರಲ್ಲಿ ಹಾಕಿದ ಮರ ದಪ್ಪ, ಅಂಚು ಉಕ್ಕಿಗಿಂತ ಮೇಲೆ ನಿಂತಿರುತ್ತದೆ. 1907ರ ಮಾದರಿಗೆ ಇರಬೇಕಾದ್ದು ಅಕ್ರೋಟು ಮರದ ಎರಡು ಹೋಳು, ಎರಡು ಸ್ಕ್ರೂ. ಆ ಜಾಗದಲ್ಲಿ ಬಡಿದ ಮೊಳೆ ಇದ್ದರೆ ಅದು ಆಮೇಲಿನ ಕೆಲಸ. ಮರ ಮತ್ತು ಉಕ್ಕಿನ ನಡುವೆ ಕಪ್ಪು ಕೆಂಪು ಗಟ್ಟಿ ಅಂಟು ಇಣುಕುತ್ತಿದ್ದರೆ ಅದು ಅರಗು, ನಮ್ಮ ಆಚಾರಿಗಳು ಕತ್ತಿಗೆ ಹಿಡಿ ಕೂರಿಸೋಕೆ ಹಾಕುತ್ತಿದ್ದದ್ದು ಅದೇ. ಯಾವ ಸೈನ್ಯದ ಕಾರ್ಖಾನೆಯೂ ಅರಗು ತುಂಬಿಸಿ ಬಯೋನೆಟ್ ಕೊಟ್ಟಿಲ್ಲ.

ಏನು ವಸ್ತು ಅಂತ ನೋಡೋದಕ್ಕೆ ಸೂಜಿ ಕಾಯಿಸಿ ಚುಚ್ಚುವ ಅಭ್ಯಾಸ ಇದೆ, ಅದನ್ನು ಮಾಡಬೇಡಿ. ಗಾಯ ಉಳಿಯುತ್ತದೆ. ಕಣ್ಣು ಸಾಕು. ಎಮ್ಮೆ ಕೊಂಬು ತೆಳುವಾದ ಅಂಚಿನಲ್ಲಿ ಟಾರ್ಚಿನ ಬೆಳಕು ಸ್ವಲ್ಪ ಬಿಡುತ್ತದೆ, ಪದರ ಪದರ ಏಳುತ್ತದೆ, ಹುಳ ತಿಂದ ಗುರುತೂ ಇರುತ್ತದೆ. ಮೂಳೆಯಲ್ಲಿ ಸೂಜಿ ಮೊನೆಯಷ್ಟು ಕಪ್ಪು ಚುಕ್ಕೆಗಳು. ದಂತದಲ್ಲಿ ಅಡ್ಡ ಕೊಯ್ದ ಕಡೆ ಒಂದರ ಮೇಲೊಂದು ಹಾಯುವ ಸೂಕ್ಷ್ಮ ಗೆರೆಗಳು. ಕಡವೆ ಕೊಂಬು ಹೊರಗೆ ಒರಟು ಏಣು, ಒಳಗೆ ಸ್ಪಂಜಿನ ಹಾಗೆ ತೂತು ತೂತು. ದಂತ ಅಥವಾ ಕಡವೆ, ಜಿಂಕೆ ಕೊಂಬು ಅಂತ ಅನುಮಾನ ಬಂದರೆ ಸುಮ್ಮನಿರಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ. ಅಜ್ಜನ ಕಾಲದ್ದು ಅನ್ನೋ ಒಂದೇ ಕಾರಣಕ್ಕೆ ಬಿಡೋದಿಲ್ಲ. ಮಾರೋದಂತೂ ಆಗಲೇ ಆಗದು. ಒಬ್ಬ ವಕೀಲರನ್ನು ಕೇಳಿ ಅರಣ್ಯ ಇಲಾಖೆಗೆ ತಿಳಿಸೋದು ಒಳ್ಳೆಯದು.

ನಮ್ಮ ಹಿಡಿಯ ಮರ ಬೀಟೆ ಅಂತ ದೊಡ್ಡಪ್ಪನಿಗೆ ನೋಡಿದ ಕೂಡಲೇ ಗೊತ್ತಿತ್ತು. ನಮಗೆ ಗೊತ್ತಿಲ್ಲದೆ ಇದ್ದದ್ದು ಆ ಬಿಲ್ಲೆಗಳು. ಎಲ್ಲರೂ ಸುಮ್ನೆ ವಾಷರ್ ಅಂದುಕೊಂಡಿದ್ದೆವು. ಸೀಮೆಎಣ್ಣೆಯ ಹತ್ತಿ ಇಟ್ಟು ಒಂದು ಬಿಲ್ಲೆಯ ಕಪ್ಪು ಬಿಡಿಸಿದಾಗ ಅಂಚಿನಲ್ಲಿ ಸಣ್ಣ ಅಕ್ಷರ ಎದ್ದವು. ಎರಡನೆಯದರಲ್ಲಿ ಕಿರೀಟ ಕಂಡಿತು. ಮೂರನೆಯದರಲ್ಲಿ 194 ಅಂತ ಮೂರು ಅಂಕಿ, ನಾಲ್ಕನೇ ಅಂಕಿಯ ಮೇಲೆ ಹಿತ್ತಾಳೆ ಮೊಳೆಯ ತಲೆ ಹರಡಿಕೊಂಡಿತ್ತು. ದೊಡ್ಡಮ್ಮ ಒಳಗಿನಿಂದ ಬಂದವರು ಬಗ್ಗಿ ನೋಡಿ, 'ಅಯ್ಯೋ, ಇದು ತೂತು ಕಾಸಲ್ವಾ! ನಾವು ಸಣ್ಣವರಿದ್ದಾಗ ದಾರಕ್ಕೆ ಪೋಣಿಸಿಕೊಂಡು ಆಡ್ತಿದ್ವಿ' ಅಂದರು.

ಬ್ರಿಟಿಷ್ ಸರ್ಕಾರ ನಡುವೆ ದೊಡ್ಡ ತೂತು ಇರುವ ಒಂದು ಪೈಸೆ ನಾಣ್ಯ ಹೊರತಂದದ್ದು 1943ರಿಂದ 1947ರ ತನಕ ಮಾತ್ರ. ಆದ್ದರಿಂದ ನಾಲ್ಕನೇ ಅಂಕಿ ಕಾಣದಿದ್ದರೂ ಪರವಾಗಿಲ್ಲ. ಈ ಹಿಡಿ 1943ಕ್ಕಿಂತ ಮೊದಲು ಆಗಿರೋಕೆ ಸಾಧ್ಯವೇ ಇಲ್ಲ. 1957ರಲ್ಲಿ ನಯಾ ಪೈಸೆ ಬರುವ ತನಕ ಹಳೇ ಲೆಕ್ಕವೇ ನಡೆಯುತ್ತಿತ್ತು. ಆ ನಡುವಿನ ಹತ್ತು ಹದಿನೈದು ವರ್ಷದಲ್ಲಿ ಯಾವತ್ತೋ ಒಬ್ಬ ಆಚಾರಿ ಕೈಗೆ ಸಿಕ್ಕ ನಾಲ್ಕು ಕಾಸನ್ನು ವಾಷರ್ ಮಾಡಿಕೊಂಡು, ಹಳೇ ಸ್ಕ್ರೂ ತೂತಿನಲ್ಲೇ ಹಿತ್ತಾಳೆ ಕಂಬಿ ತೂರಿಸಿ ಬಡಿದಿದ್ದಾರೆ. ಕಾಸನ್ನು ಮರದ ಮಟ್ಟಕ್ಕೆ ಇಳಿಸಿದ ನಾಜೂಕು ನೋಡಿದರೆ ಅವರು ಒಳ್ಳೇ ಕೆಲಸಗಾರ.

ಈಗ ಎಲ್ಲವನ್ನೂ ಜೋಡಿಸಿ ನೋಡಿ. ಅಲಗು 1917ರದ್ದು. 1924ರಲ್ಲಿ ಅದು ಇನ್ನೂ ಸೈನ್ಯದಲ್ಲೇ ಇತ್ತು, ಪರೀಕ್ಷೆಯಾಗಿ ಮತ್ತೆ ಸೇವೆಗೆ ಹೋಗಿತ್ತು. ಎರಡನೇ ಯುದ್ಧದ ಕಾಲದಲ್ಲಿ ಗಿಡ್ಡ ಆಯಿತು. ಹಿಡಿ 1943ರ ನಂತರದ್ದು. ಹಾಗಾದರೆ ಮೊದಲನೇ ಯುದ್ಧ ಮುಗಿಸಿ ಬಂದ ಮುತ್ತಜ್ಜನ ಗಂಟಿನಲ್ಲಿ ಇದು ಬಂದಿರೋಕೆ ಆಗದು. ನನ್ನ ಕಸಿವಿಸಿ ಇದೇ. ಎಪ್ಪತ್ತು ವರ್ಷ ಬಸ್ರಾ ಕತ್ತಿ ಅಂದವರಿಗೆ ಇದು ಬಸ್ರಾದ್ದಲ್ಲ ಅಂತ ಹೇಳೋದು ಹೇಗೆ?

ಹೇಳಿದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ ತಗಡಿನ ಟ್ರಂಕಿನಿಂದ ಒಂದು ಬಟ್ಟೆ ಗಂಟು ತಂದರು. ಅದರಲ್ಲಿ ಆರು ಮೂಲೆಯ ಒಂದು ನಕ್ಷತ್ರ ಪದಕ, ರಿಬ್ಬನ್ ಹೋಗಿದೆ. ಮೇಲೆ ಬರ್ಮಾ ಸ್ಟಾರ್ ಅಂತ ಇಂಗ್ಲಿಷಿನಲ್ಲಿ ಓದಬಹುದು. ದೊಡ್ಡಪ್ಪನ ಚಿಕ್ಕಪ್ಪನದು. ಯುದ್ಧದಿಂದ ಬಂದು ಕೆಲವೇ ವರ್ಷದಲ್ಲಿ ತೀರಿಕೊಂಡರಂತೆ, ಮದುವೆ ಆಗಿರಲಿಲ್ಲ, ಮಕ್ಕಳಿಲ್ಲ. ಅವರ ಹೆಸರು ಹೇಳುವವರೇ ಮನೆಯಲ್ಲಿ ಉಳಿದಿರಲಿಲ್ಲ. ಎರಡು ಯುದ್ಧದ ಕತೆ ಒಂದೇ ಆಗಿ, ದೊಡ್ಡ ಹೆಸರಿನ ಮುತ್ತಜ್ಜನ ಲೆಕ್ಕಕ್ಕೆ ಸೇರಿಬಿಟ್ಟಿತ್ತು.

ಇಲ್ಲೂ ಒಂದು ಎಚ್ಚರ ಬೇಕು. ಪದಕ ಅವರು ಬರ್ಮಾ ಯುದ್ಧದಲ್ಲಿ ಇದ್ದರು ಅಂತ ಹೇಳುತ್ತದೆ, ಈ ಬಯೋನೆಟ್ ಅವರ ಸೊಂಟದಲ್ಲಿತ್ತು ಅಂತ ಹೇಳೋದಿಲ್ಲ. ಯುದ್ಧ ಮುಗಿದ ಮೇಲೆ ಸೈನ್ಯದ ಹೆಚ್ಚುವರಿ ಸಾಮಾನು ಡಿಸ್ಪೋಸಲ್ ಅಂತ ರಾಶಿ ರಾಶಿ ಮಾರಾಟಕ್ಕೆ ಬಂದಿತ್ತು, ನಮ್ಮ ಕಡೆಯ ತೋಟಗಳಲ್ಲಿ ಇವತ್ತಿಗೂ ಓಡುವ ಹಳೇ ಜೀಪುಗಳ ಜಾತಿಯದೆಲ್ಲ ಹಾಗೆ ಕೈಬದಲಾದವು. ಬಯೋನೆಟ್ಟೂ ಹಾಗೆ ಬಂದಿರಬಹುದು. ನಿಮ್ಮ ಮನೆಯಲ್ಲಿ ಸೈನ್ಯದ ಡಿಸ್ಚಾರ್ಜ್ ಪುಸ್ತಕ, ಫೋಟೊ, ಪದಕ ಏನಿದ್ದರೂ ಬಯೋನೆಟ್ಟಿನ ಜತೆಗೇ ಇಡಿ. ಮೊದಲನೇ ಯುದ್ಧದ ದುಂಡು ಪದಕಗಳಾದರೆ ಅಂಚಿನ ಮೇಲೆ ಸಿಪಾಯಿಯ ನಂಬರು, ಹೆಸರು, ಪಲ್ಟನ್ ಕೊರೆದಿರುತ್ತದೆ, ಭೂತಗನ್ನಡಿ ಹಿಡಿದು ನೋಡಿ.

ಯಾರಾದರೂ ತಿಳಿದವರಿಗೆ ಫೋಟೊ ಕಳಿಸೋದಾದರೆ ಬರೀ ಹಿಡಿಯದ್ದು ಕಳಿಸಬೇಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಪೂರ್ತಿ ಉದ್ದದ್ದು, ಅಲಗಿನ ಬುಡದ ಎರಡೂ ಬದಿ, ಹಿಡಿಯ ಉಕ್ಕಿನ ತಲೆ, ಉಂಗುರದ ಒಳ ಅಳತೆ, ಹಿಡಿಯನ್ನು ಪಕ್ಕದಿಂದ. ಉಂಗುರದ ಅಳತೆ ಬಹಳ ಉಪಯೋಗಕ್ಕೆ ಬರುತ್ತದೆ, ಯಾವ ರೈಫಲ್ಲಿಗೆ ಕೂರುತ್ತದೆ ಅಂತ ಅದರಿಂದಲೇ ಹೇಳಬಹುದು. 1907ರ ಮಾದರಿಯದು ಸುಮಾರು 16.5 ಮಿಲಿಮೀಟರ್. ಫ್ಲ್ಯಾಶ್ ಬೇಡ, ಬೆಳಗಿನ ಜಗಲಿ ಬೆಳಕು ಸಾಕು.

ಹಿಡಿ ಬಿಚ್ಚಿ ನೋಡುವ ಆಸೆ ಬರುತ್ತದೆ. ಬಡಿದ ಮೊಳೆ ಇದ್ದರೆ ಬಿಚ್ಚಬೇಡಿ, ಮತ್ತೆ ಹಾಗೇ ಕೂರಿಸೋಕೆ ಆಗದು. ಮೂಲದ ಹಾಗೆ ಇರಲಿ ಅಂತ ಹೊಸ ಅಕ್ರೋಟು ಹೋಳು ಹಾಕಿಸುವವರೂ ಇದ್ದಾರೆ. ನಾನಂತೂ ಒಪ್ಪೋದಿಲ್ಲ. 1917ರ ಅಲಗು ಲಕ್ಷಗಟ್ಟಲೆ ಇವೆ. ನಾಲ್ಕು ತೂತು ಕಾಸಿನ ಬೀಟೆ ಹಿಡಿ ಇರೋದು ನಮ್ಮದೊಂದೇ.

ಇಡುವಾಗ ತೊಗಲಿನ ಒರೆಯೊಳಗೆ ಇಡಬೇಡಿ. ನಮ್ಮ ಮಲೆನಾಡಿನ ಮಳೆಗಾಲಕ್ಕೆ ತೊಗಲು ನೀರು ಹೀರಿಕೊಂಡು ಅಲಗಿಗೆ ತುಕ್ಕು ಹತ್ತಿಸುತ್ತದೆ. ಬೇರೆ ಬೇರೆ ಇಡಿ. ಉಕ್ಕಿಗೆ ತೆಳುವಾಗಿ ಮಷಿನ್ ಎಣ್ಣೆ, ಒಣ ಹತ್ತಿ ಬಟ್ಟೆ. ತೆಂಗಿನೆಣ್ಣೆ ಬೇಡ, ಅಂಟು ಕಟ್ಟುತ್ತದೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 2016ರ ಆಯುಧ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಬಾಕುಗಳ ಜತೆ ಬಯೋನೆಟ್ ಹೆಸರು ಸ್ಪಷ್ಟವಾಗಿ ಇದೆ. 1959ರ ಆಯುಧ ಕಾಯ್ದೆಯಲ್ಲಿ ಇಂಥವಕ್ಕೆ ಲೈಸೆನ್ಸ್ ಬೇಕಾಗೋದು ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ. ನಿಮ್ಮ ಊರು ಅದರಲ್ಲಿ ಬರುತ್ತದಾ ಅಂತ ಡಿ.ಸಿ. ಕಚೇರಿಯಲ್ಲಿ ಕೇಳಿಕೊಳ್ಳಿ. ಪಕ್ಕದ ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಭೂಮಿಯವರಿಗೆ ಆಯುಧದ ಲೈಸೆನ್ಸಿನಿಂದ ಇರುವ ವಿನಾಯಿತಿ ಹಾಸನ, ಚಿಕ್ಕಮಗಳೂರಿನ ನಮಗಿಲ್ಲ. ಬಸ್ಸಿನಲ್ಲಿ ಚೀಲಕ್ಕೆ ಹಾಕಿಕೊಂಡು ಯಾರಿಗೋ ತೋರಿಸೋಕೆ ಹೋಗಬೇಡಿ. ನೂರು ವರ್ಷ ದಾಟಿದ ಇಂಥ ವಸ್ತು ಪುರಾವಸ್ತು ಕಾಯ್ದೆಗೆ ಬರಬಹುದು, ಬಂದರೆ ದೇಶದಿಂದ ಹೊರಗೆ ಕಳಿಸೋಕೆ ಆಗದು. ಒಳ್ಳೇ ರೇಟು ಕೊಡ್ತೀನಿ ಅಂತ ಬರುವವರಿಗೆ ಇದನ್ನೇ ಹೇಳಿ.

ಈ ಸಲದ ಆಯುಧಪೂಜೆಗೆ ದೊಡ್ಡಮ್ಮ ಹುಣಸೆಹಣ್ಣು ನೆನೆಸಲಿಲ್ಲ. ಒಣ ಬಟ್ಟೆಯಲ್ಲಿ ಒರೆಸಿ, ಅಚ್ಚಿರುವ ಜಾಗ ಬಿಟ್ಟು, ಹಿಡಿಯ ಮೇಲಿನ ಒಂದು ಕಾಸಿಗೆ ಮಾತ್ರ ಕುಂಕುಮ ಇಟ್ಟರು. ದೊಡ್ಡಪ್ಪ ಪಕ್ಕದಲ್ಲಿ ಆ ನಕ್ಷತ್ರ ಪದಕ ತಂದಿಟ್ಟು, ಮೊಮ್ಮಕ್ಕಳನ್ನು ಕರೆದು ತಮ್ಮ ಚಿಕ್ಕಪ್ಪನ ಹೆಸರು ಹೇಳಿದರು.